ಬಿಟ್ಟುಕೊಟ್ಟಿದ್ದಲ್ಲ, ಮಾರಿದ್ದು

ಜನ ನನ್ನ ಹತ್ತಿರ ಬರುವುದು ಸಹಿ ಹಾಕಿದ ಮೇಲೆ. ಮೂವತ್ತು ವರ್ಷದ ವಕೀಲಿಕೆಯಲ್ಲಿ ಕಾನೂನು ಬದಲಾಯಿತು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಇದೊಂದು ಮಾತ್ರ ಬದಲಾಗಲಿಲ್ಲ. ಹತ್ತು ವರ್ಷ ದುಡಿದ ಕೆಲಸದವನನ್ನು "ನಾಳೆಯಿಂದ ಬರಬೇಡ" ಎಂದು ಬಾಯಿಮಾತಿನಲ್ಲೇ ಬಿಡಿಸಿದ ಮಿಲ್ಲಿನ ಮಾಲೀಕರು, ಕಾರ್ಮಿಕ ಇಲಾಖೆಯ ನೋಟೀಸು ಕೈಗೆ ಬಂದ ಮೇಲೆ ಬರುತ್ತಾರೆ. ಸೈಟು ಕೊಂಡವರು ಅದಕ್ಕೆ ದಾರಿಯೇ ಇಲ್ಲವೆಂದು ಗೊತ್ತಾದ ಮೇಲೆ ಬರುತ್ತಾರೆ. ಅಣ್ಣತಮ್ಮಂದಿರು ಛಾಪಾ ಕಾಗದದ ಮೇಲೆ ತಾವೇ ಬರೆದುಕೊಂಡ ಪಾಲುಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ತರುತ್ತಾರೆ. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿರುತ್ತದೆ. "ಇದು ನಡೀತದಾ ಮೇಡಂ?" ಅಂತ ಕೇಳುತ್ತಾರೆ. ನಡೆಯುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಕಡೂರಿನಲ್ಲಿ ನನ್ನ ಆಫೀಸು ಒಂದು ಕೊಬ್ಬರಿ ಅಂಗಡಿಯ ಮೇಲಿನ ಕೋಣೆ. ಹದಿನೆಂಟು ಮೆಟ್ಟಿಲು. ಹತ್ತುವ ವಯಸ್ಸಿನಲ್ಲಿ ಎಷ್ಟಿವೆ ಎಂದು ಗೊತ್ತಿರಲಿಲ್ಲ, ಮೊಣಕಾಲು ಹಿಡಿದುಕೊಂಡ ಮೇಲೆ ಗೊತ್ತಾಯಿತು. ವಾರಕ್ಕೆ ಒಂದೆರಡು ದಿನ ತರೀಕೆರೆ, ಕೆಲಸವಿದ್ದರೆ ಅಜ್ಜಂಪುರ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದು ಕಷ್ಟ. ಫೈಲು ಎದೆಗೊತ್ತಿಕೊಂಡು ನಿಂತೇ ಹೋಗುತ್ತೇನೆ.

ಹೀಗಿರುವಾಗ ಒಂದು ಬೆಳಿಗ್ಗೆ, ಸಹಿ ಹಾಕುವ ಮೊದಲೇ ಒಬ್ಬರು ಬಂದರು. ಸರ್ಕಾರಿ ಬಸ್ಸಿನಲ್ಲಿ ಡ್ರೈವರ್ ಆಗಿ ನಿವೃತ್ತಿಯಾದವರು. ಜೊತೆಗೆ ಹೆಂಡತಿ. ಮೆಟ್ಟಿಲು ಹತ್ತುವಾಗ ಇಬ್ಬರೂ ದಖನಿ ಉರ್ದುವಿನಲ್ಲಿ ಏನೋ ಸಣ್ಣಗೆ ವಾದ ಮಾಡುತ್ತಿದ್ದದ್ದು ಕೇಳಿಸಿತು. ಒಳಗೆ ಬಂದು ಕನ್ನಡಕ್ಕೆ ತಿರುಗಿದರು.

"ಅಜ್ಜಂಪುರದಲ್ಲಿ ಒಂದು ಹಳೇ ಮನೆ ತಗೋಬೇಕು ಅಂತ ಇದೀವಿ ಮೇಡಂ. ಇವಳ ಅಕ್ಕ ಅಲ್ಲೇ ಇರೋದು, ಅದಕ್ಕೆ ಇವಳಿಗೆ ಆಸೆ. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಗಾಡಿ ತೆಗೆಯೋಕೆ ಮುಂಚೆ ಒಂದು ಸುತ್ತು ಬಂದು ಚಕ್ರ ನೋಡ್ತೀವಲ್ಲ, ಹಂಗೆ ನೀವೊಂದು ಸಲ ನೋಡ್ಬಿಡಿ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅಡ್ವಾನ್ಸ್ ಕೊಡದೆ ಬಂದವರನ್ನು ನೋಡಿ ಎಷ್ಟು ಕಾಲವಾಗಿತ್ತೋ!

ಮನೆ ಮಾರುವವರು ಒಕ್ಕಲು ಮನೆತನದವರು. ಯಜಮಾನ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನ ವಿಧವೆ ಹೆಂಡತಿ, ಇಬ್ಬರು ಗಂಡುಮಕ್ಕಳು. ಊರಾಚೆ ಜಮೀನಿನ ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದರು, ಅದಕ್ಕಾಗಿ ಈ ಹಳೆಯದನ್ನು ಮಾರುವುದು. ದೊಡ್ಡ ಮಗ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇದ್ದಬದ್ದ ಕಾಗದವನ್ನೆಲ್ಲ ತುಂಬಿ ಕೊಟ್ಟಿದ್ದ. ಯಜಮಾನ ತನ್ನ ದುಡಿಮೆಯಲ್ಲಿ ಕೊಂಡ ಕ್ರಯಪತ್ರ ಇತ್ತು. ಖಾತೆ ಇತ್ತು. ಕಂದಾಯದ ರಸೀದಿಗಳಿದ್ದವು. ಉಯಿಲು ಇರಲಿಲ್ಲ. ಸತ್ತವರಿಗೆ ಯಾರು ಯಾರು ವಾರಸುದಾರರು ಎಂದು ತೋರಿಸುವ ವಂಶವೃಕ್ಷ ಇತ್ತು; ಮನೆಯವರು ಪ್ರಮಾಣ ಮಾಡಿ ಅರ್ಜಿ ಕೊಟ್ಟರೆ ನಾಡಕಚೇರಿಯಿಂದ ಸಿಗುವ ಪತ್ರ ಅದು. ತಾಯಿ ಮತ್ತು ಇಬ್ಬರು ಗಂಡುಮಕ್ಕಳ ಹೆಸರು. ಎಲ್ಲ ಸರಿಯಾಗಿದೆ ಎಂದು ಹೇಳಿ ಕಳಿಸುವುದರಲ್ಲಿದ್ದೆ. ಚೀಲದ ತಳದಲ್ಲಿ ಒಂದು ಹಳೆಯ ರೇಷನ್ ಕಾರ್ಡು ಸಿಕ್ಕಿತು. ಅದನ್ನು ಕೊಡಬೇಕೆಂದು ಕೊಟ್ಟದ್ದಲ್ಲ, ಜೊತೆಯಲ್ಲಿ ಬಂದುಬಿಟ್ಟಿತ್ತು. ಬಿಡಿಸಿ ನೋಡಿದೆ. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ಐದನೆಯ ಸಾಲಿನಲ್ಲಿ ಒಂದು ಹೆಣ್ಣು ಹೆಸರು. ಸಂಬಂಧ: ಮಗಳು. ವಯಸ್ಸು: ಒಂಬತ್ತು.

"ಈ ಹುಡುಗಿ ಏನಾದಳು?" ಎಂದು ಕೇಳಿದೆ.

ಡ್ರೈವರಿಗೆ ಗೊತ್ತಿರಲಿಲ್ಲ. ಅವರ ಹೆಂಡತಿ ಅಲ್ಲೇ ಅಕ್ಕನಿಗೆ ಫೋನು ಮಾಡಿ ಕೇಳಿದರು. ಹುಡುಗಿ ಚೆನ್ನಾಗಿಯೇ ಇದ್ದಳು. ಅಜ್ಜಂಪುರದ ಮುಂದಿನ ಶಿವನಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು.

ಅವಳ ಸಹಿಯಿಲ್ಲದೆ ಕೊಳ್ಳಬೇಡಿ ಎಂದು ನಾನು ಹೇಳಿದ್ದು ಕಿವಿಗೆ ಬಿದ್ದು, ಎರಡು ದಿನ ಬಿಟ್ಟು ದೊಡ್ಡ ಮಗ ಬಂದ. ಐವತ್ತರ ಹತ್ತಿರದ ಆಳು, ಕೈಯಲ್ಲಿ ಸಿಮೆಂಟಿನ ಬಿರುಕು. ಜಗಳಕ್ಕೆಂದೇ ಬಂದಿದ್ದ.

"ಸಾಬ್ರು ಒಳ್ಳೇ ಜನ, ಮನೆ ಒಪ್ಕಂಡವ್ರೆ. ನಡುವೆ ನೀವ್ಯಾಕ್ರೀ ಅಡ್ಡ ಹಾಕ್ತೀರಿ? ಅವಳ್ನ ಕೊಟ್ಟು ಇಪ್ಪತ್ತು ವರ್ಷ ಆಯ್ತು ಕಣ್ರೀ. ವರ್ಷ ವರ್ಷ ಗೌರಿ ಹಬ್ಬಕ್ಕೆ ಕರೀತೀವಿ, ಸೀರೆ ಕೊಡ್ತೀವಿ. ಏನು ಕಮ್ಮಿ ಮಾಡಿದೀವಿ?"

"ಕಮ್ಮಿ ಮಾಡಿದೀರಿ ಅಂತ ನಾನು ಅನ್ನಲಿಲ್ಲ. ಹೆಸರು ಬಿಟ್ಟಿದೀರಿ ಅಂದೆ. ಅಪ್ಪ ಉಯಿಲು ಬರೆಯದೆ ಹೋದರೆ ಹೆಂಡತಿಗೂ ಮಕ್ಕಳಿಗೂ ಸಮಪಾಲು. ಮಗಳೂ ಮಗಳೇ."

"ಅವಳು ಬ್ಯಾಡ ಅಂತಾಳೆ. ನಂಗೊತ್ತು."

"ಹಾಗಾದರೆ ಕೇಳಿ."

ಅವನ ದನಿ ಇಳಿಯಿತು. "ಕೇಳೋದು ಅಂದ್ರೆ, ನಿಂಗೂ ಐತೆ ಅಂತ ನಾವೇ ಹೇಳ್ದಂಗೆ ಆಗ್ತದಲ್ಲ ಮೇಡಂ."

ಅವನು ಕೆಟ್ಟವನಲ್ಲ. ಇಂಥವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ತಂಗಿಗೆ ಮೈ ಸರಿಯಿಲ್ಲವೆಂದರೆ ಕೆಲಸ ಬಿಟ್ಟು ಓಡುತ್ತಾರೆ, ಅವಳ ಹೆಸರು ಕಾಗದಕ್ಕೆ ಬರಬಾರದು ಅಷ್ಟೆ. ಕಡೆಗೆ ಅವನೇ ಒಂದು ದಾರಿ ಹೇಳಿದ. ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ತಾನು ಶಿವನಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತೇನೆ ಅಂದ. ಅದು ಹಾಗೆ ಆಗುವುದಿಲ್ಲ, ಆಕೆಯೇ ನೋಂದಣಿ ಕಚೇರಿಗೆ ಬರಬೇಕು, ತಿಳಿದು ಸಹಿ ಹಾಕಬೇಕು ಎಂದೆ. "ಅಂಗಾದ್ರೆ ನೀವೇ ಹೋಗಿ ಹೇಳ್ರಿ. ನಂಗೆ ಮುಖ ಇಲ್ಲ" ಎಂದು ಎದ್ದು ಹೋದ.

ಕೊಳ್ಳುವವರ ವಕೀಲಳಿಗೆ ಅದು ಕೆಲಸವಲ್ಲ. ಆದರೂ ಹೋದೆ. ಡ್ರೈವರರ ಹೆಂಡತಿ ಜೊತೆಗೆ ಬಂದರು. ಕಡೂರಿನಿಂದ ಪ್ಯಾಸೆಂಜರ್ ರೈಲು. ಬೀರೂರು ದಾಟಿದ ಮೇಲೆ ಅವರು ಡಬ್ಬಿ ತೆಗೆದು ಚಪಾತಿ ಕೊಟ್ಟರು. ಅಜ್ಜಂಪುರದಲ್ಲಿ ರೈಲು ನಿಂತಾಗ ಕಿಟಕಿಯಿಂದ ಬೆರಳು ತೋರಿಸಿ, "ಆ ಕಡೆ ಬರ್ತದೆ ಮನೆ, ಇಲ್ಲಿಂದ ಕಾಣಲ್ಲ" ಅಂದರು. ಅವರ ಕಣ್ಣಲ್ಲಿ ಆ ಮನೆ ಆಗಲೇ ತಮ್ಮದಾಗಿತ್ತು.

ಶಿವನಿಯಲ್ಲಿ ಆಕೆ ಜಗಲಿಯ ಮೇಲೆ ಈರುಳ್ಳಿ ರಾಶಿಯ ಮುಂದೆ ಕುಳಿತು ಕುಡುಗೋಲಿನಲ್ಲಿ ಬೇರು, ದಂಟು ಕೊಯ್ಯುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ಗಂಡ ಹೊಲದಲ್ಲಿದ್ದ. ನಾವು ಯಾರೆಂದು ಹೇಳಿದ ಮೇಲೆ ಚಾಪೆ ಹಾಕಿದಳು, ನೀರು ಕೊಟ್ಟಳು, ಮತ್ತೆ ಕೊಯ್ಯಲು ಕುಳಿತಳು.

ನಾನು ಮೊದಲೇ ಹೇಳಿದೆ: "ನಾನು ಮನೆ ಕೊಳ್ಳೋರ ಕಡೆ ವಕೀಲಳು ಕಣಮ್ಮ. ನಿನ್ನ ಕಡೆಯವಳಲ್ಲ. ನಾನು ಹೇಳಿದ್ದನ್ನ ಬೇರೆ ವಕೀಲರ ಹತ್ತಿರ ಕೇಳಿ ನೋಡ್ಕೋ, ಆಮೇಲೆ ಏನು ಬೇಕಾದರೂ ಮಾಡು." ಆಮೇಲೆ ಎಲ್ಲ ಹೇಳಿದೆ. ಮನೆ ಮಾರುತ್ತಿದ್ದಾರೆ, ವಂಶವೃಕ್ಷದಲ್ಲಿ ನಿನ್ನ ಹೆಸರಿಲ್ಲ, ನಿನಗೆ ನಾಲ್ಕರಲ್ಲಿ ಒಂದು ಪಾಲಿದೆ.

ಕುಡುಗೋಲು ನಿಲ್ಲಲಿಲ್ಲ. ಒಂದು, ಇನ್ನೊಂದು, ಮತ್ತೊಂದು ಗಡ್ಡೆ ಬುಟ್ಟಿಗೆ ಬಿತ್ತು.

"ಆ ಕಾಗದಕ್ಕೆ ಅವ್ವನೂ ಹಾಕವ್ಳಾ?"

"ಹಾಕಿದ್ದಾರೆ. ಪ್ರಮಾಣಪತ್ರ ಅವರದ್ದೇ."

"ಹೆಬ್ಬೆಟ್ಟಾ, ಸೈನಾ?"

"ಸಹಿ."

ಆಗ ಕೈ ನಿಂತಿತು. "ಅವ್ವಂಗೆ ಸೈನ್ ಮಾಡೋದು ಕಲಿಸಿದ್ದು ನಾನು. ಇಸ್ಕೂಲಿಂದ ಬಂದು, ಬಳಪ ಕೊಟ್ಟು, ಕೈ ಹಿಡ್ದು ತಿದ್ದಿಸ್ತಿದ್ದೆ. ಒಂದು ತಿಂಗ್ಳು ಹಿಡೀತು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿಯ ಘಾಟಿಗೆ ನಮ್ಮೆಲ್ಲರ ಕಣ್ಣಲ್ಲೂ ನೀರಿತ್ತು, ಯಾರ ನೀರು ಯಾವುದಕ್ಕೆ ಎಂದು ಹೇಳುವಂತಿರಲಿಲ್ಲ.

ಡ್ರೈವರರ ಹೆಂಡತಿ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಕುಡುಗೋಲು ತಾವು ತೆಗೆದುಕೊಂಡು ಈರುಳ್ಳಿ ಕೊಯ್ಯಲು ಶುರುಮಾಡಿದರು.

ಬಿಡುವಾದ ಕೈ ಒರೆಸಿಕೊಳ್ಳುತ್ತ ಅವಳು ನನ್ನನ್ನು ಕೇಳಿದಳು: "ನೀವು ತಗಂಡ್ರಾ ಮೇಡಂ, ನಿಮ್ಮಪ್ಪನ ಮನೇಲಿ?"

ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಯಾವ ಕಕ್ಷಿದಾರರೂ ಕೇಳಿರಲಿಲ್ಲ. ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ.

"ಇಲ್ಲ. ಬಿಟ್ಟುಕೊಟ್ಟೆ."

"ಯಾಕೆ?"

"ಅಣ್ಣಂದಿರು ಕೇಳಿದರು. ಇಲ್ಲ ಅನ್ನೋಕಾಗಲಿಲ್ಲ."

ನಿಜ ಹೇಳಬೇಕೆಂದರೆ ಅವರು ಬಾಯಿಬಿಟ್ಟು ಕೇಳಿರಲೂ ಇಲ್ಲ. ಅಪ್ಪ ತೀರಿಕೊಂಡ ವರ್ಷ ನಾನು ಇನ್ನೂ ಸೀನಿಯರ್ ವಕೀಲರ ಕೈಕೆಳಗೆ ಇದ್ದೆ. ಮನೆಯಲ್ಲಿ ಎಲ್ಲರೂ ಒಂದೇ ಥರ ಮೌನವಾಗಿದ್ದರು, ಅಷ್ಟೇ ಸಾಕಾಯಿತು. ಬಿಡುಗಡೆ ಪತ್ರವನ್ನು ನಾನೇ ಟೈಪ್ ಮಾಡಿದೆ. "ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ" ಎಂಬ ಸಾಲು ಎಲ್ಲ ಪತ್ರದಲ್ಲೂ ಇರುತ್ತದೆ, ನನ್ನದರಲ್ಲೂ ಇತ್ತು. ಆ ದಿನ ಸೀನಿಯರ್ ಕಾಗದ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಏನೋ ಹೇಳಹೊರಟು ಸುಮ್ಮನಾದರು. ಅವರು ಏನು ಹೇಳಬೇಕೆಂದಿದ್ದರೋ ನಾನು ಯಾವತ್ತೂ ಕೇಳಲಿಲ್ಲ. ಅವರೂ ಈಗ ಇಲ್ಲ.

ನಾನು ಅವಳ ಹತ್ತಿರಕ್ಕೆ ಸರಿದು ಕುಳಿತೆ. ಮುಂದೆ ಏನು ಮಾಡಬಹುದು ಎಂದು ವಿವರಿಸಿದೆ. ದಾರಿ ಎರಡು. ಅಣ್ಣಂದಿರ ಪರವಾಗಿ ಹಕ್ಕು ಬಿಟ್ಟುಕೊಟ್ಟು ಪತ್ರ ಬರೆದುಕೊಡುವುದು ಒಂದು. ಆಮೇಲೆ ಅವರು ಮಾರುತ್ತಾರೆ. ಇಲ್ಲದಿದ್ದರೆ ಅವರ ಜೊತೆಯಲ್ಲೇ ಮಾರುವವಳಾಗಿ ಕ್ರಯಪತ್ರಕ್ಕೆ ಸಹಿ ಹಾಕಿ ತನ್ನ ಪಾಲು ತೆಗೆದುಕೊಳ್ಳುವುದು. ಎರಡೂ ಬೇಡವೆಂದರೆ ಈ ಮಾರಾಟ ಆಗುವುದಿಲ್ಲ, ಕೊಳ್ಳುವವರಿಗೆ ನಾನೇ ಬೇಡವೆಂದು ಹೇಳುತ್ತೇನೆ.

ಅವಳು ತಕ್ಷಣ ಹೇಳಲಿಲ್ಲ. ಗಂಡನನ್ನು ಕೇಳಿದಳು, ಬೇರೊಬ್ಬ ವಕೀಲರನ್ನೂ ಕೇಳಿದಳಂತೆ. ಎಂಟು ದಿನ ಬಿಟ್ಟು ಫೋನು ಬಂತು.

"ಬಿಟ್ಟುಕೊಡ್ತೀನಿ ಅಂತ ಬರೀಬ್ಯಾಡಿ ಮೇಡಂ. ಮಾರ್ತೀನಿ ಅಂತ ಬರೀರಿ. ಬಿಟ್ಟುಕೊಟ್ರೆ ನಾನು ಅಲ್ಲಿ ಇರ್ಲೇ ಇಲ್ಲ ಅಂದಂಗೆ. ಮಾರಿದ್ರೆ, ಇತ್ತು, ಮಾರ್ದೆ ಅಂದಂಗೆ."

ಕಾನೂನಿನಲ್ಲಿ ಹಾಗಲ್ಲ. ಇಲ್ಲದ ಹಕ್ಕನ್ನು ಯಾರೂ ಬಿಟ್ಟುಕೊಡಲಾರರು, ಬಿಟ್ಟುಕೊಟ್ಟರೂ ಇತ್ತು ಅಂತಲೇ ಅರ್ಥ. ಅದನ್ನು ಅವಳಿಗೆ ಹೇಳಲಿಲ್ಲ. ಅವಳು ಹೇಳಿದ್ದೇ ಹೆಚ್ಚು ಸರಿ ಎಂದು ಆವತ್ತು ಅನ್ನಿಸಿತು.

ದೊಡ್ಡ ಮಗ ಕೆಂಡವಾದ. ಬೇರೆ ಕೊಳ್ಳುವವರನ್ನು ಹುಡುಕುತ್ತೇನೆ ಎಂದ. ಮೂರು ತಿಂಗಳು ಹಾಗೇ ಹೋಯಿತು. ಡ್ರೈವರಿಗೂ ಸಾಕಾಗಿ, ಬೇರೆ ಮನೆ ನೋಡೋಣವೇ ಎಂದು ನನ್ನೆದುರೇ ಹೆಂಡತಿಯನ್ನು ಕೇಳಿದರು. ಆಕೆ ಒಪ್ಪಲಿಲ್ಲ. "ಬೇರೆ ಮನೇನೂ ಬೇಡ, ಆಯಮ್ಮ ಸೈನ್ ಹಾಕೋವರೆಗೂ ಆ ಮನೇಲಿ ಒಲೆ ಹಚ್ಚೋದೂ ಬೇಡ. ಕಾಯೋಣ" ಅಂದರು.

ಕಡೆಗೆ ದೊಡ್ಡ ಮಗ ಮತ್ತೆ ನನ್ನ ಮೆಟ್ಟಿಲು ಹತ್ತಿದಾಗ ನಾನು ಒಂದು ಮಾತು ಹೇಳಿದೆ. ಸುಳ್ಳು ಪ್ರಮಾಣ ಮಾಡುವುದು ಅಪರಾಧ. ಆ ಕಾಗದದ ಮೇಲಿರುವುದು ನಿಮ್ಮ ಸಹಿಯಲ್ಲ, ನಿಮ್ಮ ತಾಯಿಯದು. ನಾಳೆ ಯಾರಾದರೂ ದೂರು ಕೊಟ್ಟರೆ ಮೊದಲು ಬರುವುದು ಅವರ ಹೆಸರು. ಅದು ಸತ್ಯವೇ. ಆದರೆ ಸತ್ಯವನ್ನು ಹೇಳುವ ಧಾಟಿಗಳು ಬೇರೆಬೇರೆ ಇರುತ್ತವೆ, ನಾನು ಅವತ್ತು ಹೆದರಿಸುವ ಧಾಟಿಯಲ್ಲೇ ಹೇಳಿದೆ. ಅವನ ಮುಖ ಇಳಿದುಹೋಯಿತು. "ಅವ್ವನ ಹೆಸ್ರು ಎಳೀಬ್ಯಾಡಿ. ಅವಳೂ ಬರ್ಲಿ ಬಿಡಿ, ಸೈನ್ ಹಾಕ್ಲಿ" ಎಂದ. ಗೆದ್ದೆನೆಂದು ಅನ್ನಿಸಲಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗಿದೆ.

ಹೊಸ ವಂಶವೃಕ್ಷಕ್ಕೆ ತಾಯಿ ಮತ್ತೆ ಪ್ರಮಾಣ ಮಾಡಬೇಕಿತ್ತು. ಅಜ್ಜಂಪುರದ ನಾಡಕಚೇರಿಗೆ ದೊಡ್ಡ ಮಗ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಮಗಳು ಶಿವನಿಯಿಂದ ಬಸ್ಸಿನಲ್ಲಿ ಬಂದಿದ್ದಳು. ತಾಯಿ ಒಂದು ಬೆಂಚಿನಲ್ಲಿ, ಮಗಳು ಎದುರು ಗೋಡೆಯ ಬೆಂಚಿನಲ್ಲಿ. ನಡುವೆ ಅರ್ಜಿ ಹಿಡಿದ ಜನ ಓಡಾಡುತ್ತಿದ್ದರು. ಒಬ್ಬರನ್ನೊಬ್ಬರು ನೋಡಲಿಲ್ಲ.

ಕಾಯುವಾಗ ಆ ಮುದುಕಿ ನಾನು ಕೇಳದೆಯೇ ನನ್ನ ಕಡೆ ಬಾಗಿ ಹೇಳಿದರು: "ದೊಡ್ಡೋನು ಕಾಗದ ಕೊಟ್ಟ, ಹಾಕ್ದೆ ಕಣ್ ಲಾಯ್ರಮ್ಮ. ಏನು ಬರ್ದೈತೆ ಅಂತ ಓದಿ ಹೇಳ್ದ. ಹೇಳ್ದೇನೇ ಹಾಕುಸ್ಕಂಡ ಅಂತ ಸುಳ್ಳು ಹೇಳಾಕಿಲ್ಲ. ಅವನ ಮನೇಲಿ ಅನ್ನ ತಿನ್ನೋಳು ನಾನು. ಇನ್ನೇನು ಮಾಡ್ಲಿ?"

ನಾನು ತಲೆಯಾಡಿಸಿದೆ.

ಕಂಪ್ಯೂಟರಿನ ಮುಂದಿದ್ದ ಹುಡುಗಿ ಕೇಳಿದಳು. "ಅಜ್ಜಿ, ಮಕ್ಕಳೆಷ್ಟು?"

"ಮೂರು."

"ಹಿಂದಿನ ಅರ್ಜೀಲಿ ಎರಡು ಅಂತ ಇದೆಯಲ್ಲ?"

ಮುದುಕಿ ಎದುರಿನ ಬೆಂಚಿನ ಕಡೆ ಒಮ್ಮೆ ನೋಡಿದರು. "ತಪ್ಪಾಗಿತ್ತು. ಈಗ ಮೂರು ಅಂತ ಬರ್ಕಳವ್ವ" ಅಂದರು. ಆಮೇಲೆ ಸಹಿ ಹಾಕಿದರು. ನಿಧಾನವಾಗಿ, ಒಂದೊಂದೇ ಅಕ್ಷರ, ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು. ಮಗಳು ಎದ್ದು ಬಂದು ಹಿಂದೆ ನಿಂತು ನೋಡುತ್ತಿದ್ದಳು. ತಾಯಿಯ ಸೀರೆಯ ಅಂಚು ಕುರ್ಚಿಯ ಕಾಲಿಗೆ ಸಿಕ್ಕಿತ್ತು, ಬಗ್ಗಿ ಅದನ್ನು ಬಿಡಿಸಿ ಹೊರಗೆ ಹೋದಳು.

ನೋಂದಣಿ ತರೀಕೆರೆಯಲ್ಲಿ ಆಯಿತು. ಬೆಳಿಗ್ಗೆ ಹೋದವರು ಮಧ್ಯಾಹ್ನ ಮೂರರವರೆಗೆ ಕಾದೆವು, ಸರ್ವರ್ ಇರಲಿಲ್ಲ. ಡ್ರೈವರ್ ಎಲ್ಲರಿಗೂ ಟೀ ತರಿಸಿದರು. ಅಣ್ಣ ಹೊರಗೆ ನಿಂತು ಕುಡಿದ, ತಂಗಿ ಒಳಗೆ ಕುಳಿತು ಕುಡಿದಳು. ಕ್ರಯಪತ್ರದಲ್ಲಿ ಮಾರುವವರು ನಾಲ್ವರು. ಒಬ್ಬೊಬ್ಬರನ್ನೇ ಕರೆದು ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ, ಹೆಬ್ಬೆಟ್ಟು. ಅವಳ ಸರದಿ ಬಂದಾಗ ಗುಮಾಸ್ತ ಕಾಗದ ತಿರುವುತ್ತ, "ಇವರು ಹಕ್ಕು ಬಿಡೋರಾ?" ಎಂದ. ಹೆಣ್ಣುಮಕ್ಕಳು ಬಂದರೆ ಅಲ್ಲಿ ಹಾಗೆ ಕೇಳುವುದೇ ರೂಢಿ.

"ಅಲ್ಲ. ಮಾರೋರು" ಎಂದಳು. ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡಿದಳು. ಗುಮಾಸ್ತ ಇನ್ನೊಂದು ಸಲ ತೆಗೆಯಬೇಕಾಯಿತು, ಮೊದಲನೆಯದರಲ್ಲಿ ಅವಳು ಕಣ್ಣು ಮುಚ್ಚಿದ್ದಳು.

ಪಾಲಿಗೆ ಬಂದದ್ದನ್ನು ಅವಳು ಅಲ್ಲೇ ಅಣ್ಣನ ಕೈಗೆ ವಾಪಸು ಕೊಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಕೊಡಲಿಲ್ಲ. ಚೆಕ್ಕನ್ನು ಚೀಲದೊಳಗಿಟ್ಟು ಚೈನು ಎಳೆದಳು. ಹೊರಗೆ ಬಂದು ತಾಯಿಯ ಹತ್ತಿರ ನಿಂತು, "ಮಾತ್ರೆ ತಿಂದ್ಯಾ?" ಎಂದು ಕೇಳಿದಳು. ತಿಂದೆ ಎಂದರು. ಅಷ್ಟು ತಿಂಗಳಲ್ಲಿ ಅವರ ನಡುವೆ ನಾನು ಕೇಳಿದ ಮಾತು ಅದೊಂದೇ.

ಆ ವರ್ಷ ಗೌರಿ ಹಬ್ಬಕ್ಕೆ ಅವಳಿಗೆ ತವರಿನಿಂದ ಕರೆ ಬರಲಿಲ್ಲವಂತೆ. ಡ್ರೈವರ್ ಫೋನಿನಲ್ಲಿ ಹೇಳಿದರು. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿತ್ತು. ಆ ಮನೆಯ ಮೇಲೆ ನಾಳೆ ಯಾರೂ ದಾವೆ ಹಾಕಲಾರರು. ಕೊಂಡವರಿಗೆ ಕೊಡಬೇಕಾದ ಸಲಹೆ ಅಷ್ಟೇ, ಅದನ್ನು ಕೊಟ್ಟಿದ್ದೆ. ಆದರೂ ಹಬ್ಬದ ದಿನ ಆ ಸುದ್ದಿ ಕೇಳಿ ಕೈಯಲ್ಲಿದ್ದ ಕೆಲಸ ಮುಂದೆ ಹೋಗಲಿಲ್ಲ. ನನ್ನ ಅಣ್ಣಂದಿರು ಆ ಬೆಳಿಗ್ಗೆಯೇ ಫೋನು ಮಾಡಿ ಕರೆದಿದ್ದರು. ಪ್ರತಿವರ್ಷವೂ ಕರೆಯುತ್ತಾರೆ.

ಗೃಹಪ್ರವೇಶಕ್ಕೆ ಬನ್ನಿ ಎಂದು ಡ್ರೈವರ್ ಕರೆದಿದ್ದರು. ಅವತ್ತು ತರೀಕೆರೆಯಲ್ಲಿ ವಿಚಾರಣೆಯಿದ್ದದ್ದರಿಂದ ಹೋಗಲಾಗಲಿಲ್ಲ. ಬಹಳ ತಿಂಗಳ ನಂತರ ಇನ್ನಾವುದೋ ಕೆಲಸಕ್ಕೆ ಅಜ್ಜಂಪುರಕ್ಕೆ ಹೋದಾಗ ಮನೆ ಹುಡುಕಿಕೊಂಡು ಹೋದೆ. ಸುಣ್ಣ ಹೊಡೆಸಿದ್ದರು, ಹಿತ್ತಲಲ್ಲಿ ಹೊಸ ಬಚ್ಚಲು ಕಟ್ಟಿಸಿದ್ದರು. ಡ್ರೈವರ್ ಸಂತೆಗೆ ಹೋಗಿದ್ದರು. ಅವರ ಹೆಂಡತಿ ಒಳಗೆ ಕರೆದು ಟೀ ಕೊಟ್ಟರು.

"ಆ ಅಜ್ಜಿ ಆಗಾಗ ಬರ್ತಾರೆ ಮೇಡಂ. ಒಳಗೆ ಬನ್ನಿ ಅಂದ್ರೆ ಬರಲ್ಲ. ಜಗಲಿ ಮೇಲೆ ಕೂತ್ಕೋತಾರೆ, ನೀರು ಸರಿಯಾಗಿ ಬರ್ತದಾ ಅಂತ ಕೇಳ್ತಾರೆ, ಹೋಗ್ತಾರೆ."

"ಮಗಳು?"

"ಅವಳೂ ಎರಡು ಸಲ ಬಂದಿದ್ಲು. ಒಳಗೆಲ್ಲ ಓಡಾಡಿ ನೋಡಿದ್ಲು. ಅವ್ವ ಇಲ್ಲಿಗೆ ಬರ್ತಾರೆ, ಇಂಥಾ ದಿನ ಬಾ ಅಂತ ನಾನೇ ಹೇಳಿದೆ. ಹೂಂ ಅಂದ್ಲು, ಬರ್ಲಿಲ್ಲ." ಲೋಟ ತೆಗೆದುಕೊಳ್ಳುತ್ತ ಕೇಳಿದರು, "ಅವಳ ಬಗ್ಗೆ ನಾವು ಕೇಳ್ದೇ ಇದ್ದಿದ್ರೆ ಚೆನ್ನಾಗಿತ್ತಾ ಮೇಡಂ?"

"ಇಲ್ಲಮ್ಮ. ಕೇಳಿದ್ದೇ ಸರಿ" ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಇನ್ನೂ ಏನಾದರೂ ಹೇಳುತ್ತೇನೋ ಎಂದು. ನಾನು ಚೀಲ ತೆಗೆದುಕೊಂಡು ಎದ್ದೆ.

ಬಸ್‌ ಸ್ಟ್ಯಾಂಡಿಗೆ ನಡೆದು ಬಂದೆ. ಕಡೂರಿನ ಬಸ್ಸು ತುಂಬಿತ್ತು. ಬೀರೂರಿನವರೆಗೆ ನಿಂತೇ ಬಂದೆ, ಅಲ್ಲಿ ಒಬ್ಬಳು ಇಳಿದಳು, ಸೀಟು ಸಿಕ್ಕಿತು.